ಅಂಗೈ ತುಂಬುವ ಮೌಸು

ಮೊಮ್ಮಗಳ ಜೊತೆ ಕೂತು ಕಂಪ್ಯೂಟರಿನಲ್ಲಿ ದೆವ್ವ ಹೊಡೆಯುವುದನ್ನು ನಾನು ಕಲಿತದ್ದು ಸೊಸೆ ಗಾರ್ಮೆಂಟ್ಸಿಗೆ ಸೇರಿದ ವರ್ಷ. ಇದನ್ನು ಬರೆಯುವಾಗಲೂ ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿದೆ. ನಾಚಿಕೆ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವಂಥದ್ದಲ್ಲ.

ಆಗ ರಾಮನಗರದಲ್ಲಿ ಬೆಳಗಾದರೆ ಸಾಕು, ಕಂಪನಿ ಬಸ್ಸುಗಳು ಬೀದಿ ತಿರುವಿನಲ್ಲಿ ನಿಂತು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಮಗ ಬಿಡದಿ ಕಡೆಯ ಕಾರ್ಖಾನೆಗೆ, ಸೊಸೆ ಬಟ್ಟೆ ಹೊಲಿಯುವ ಕಡೆಗೆ. ಮನೆಯಲ್ಲಿ ಉಳಿಯುತ್ತಿದ್ದವಳು ನಾನೊಬ್ಬಳೇ. ಮಧ್ಯಾಹ್ನದ ಮೇಲೆ ಮೊಮ್ಮಗಳು ಸ್ಕೂಲಿನಿಂದ ಬರುತ್ತಿದ್ದಳು. ಮೂರನೇ ಕ್ಲಾಸಿನ ಹುಡುಗಿ. ಅವಳು ಹಜಾರದಲ್ಲಿ ಬೂಟು ಕಳಚಿ ಎಸೆಯುವ ಸದ್ದು ಕೇಳಿದರೆ ನನಗೆ ಮೈಯೆಲ್ಲ ಹಬ್ಬ. ಅವಳು ಕೆಮ್ಮಿದರೂ ಚೆಂದ, ಮೂಗು ಒರೆಸಿಕೊಂಡರೂ ಚೆಂದ. ಹೆತ್ತ ಮಕ್ಕಳನ್ನು ನಾನು ಹೀಗೆ ನೋಡಿದ್ದೇ ಇಲ್ಲ, ಆಗ ನೋಡಲು ಪುರುಸೊತ್ತೆಲ್ಲಿತ್ತು?

ಮಗ ತನ್ನ ಜೊತೆ ಕೆಲಸ ಮಾಡುವವನಿಂದ ಒಂದು ಹಳೇ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟಿದ್ದ. ಮಗು ಕಲಿಯಲಿ ಅಂತ. ಮಗು ಕಲಿತದ್ದು ಆಟ. ಒಂದು ಪಾಳು ಬಂಗಲೆ. ಅದರೊಳಗೆ ನಡೆಯುತ್ತಾ ಹೋಗಬೇಕು. ಕಂಬದ ಹಿಂದಿನಿಂದ, ಮೆಟ್ಟಿಲ ಕೆಳಗಿನಿಂದ ದೆವ್ವಗಳು ಎದ್ದು ಬರುತ್ತವೆ, ಮೈಮೇಲೆ ಬೀಳುವ ಮೊದಲೇ ಬಂದೂಕಿನಿಂದ ಹೊಡೆಯಬೇಕು. ನಡೆಯಲು ಕೀಬೋರ್ಡಿನ ಗುಂಡಿ, ಗುರಿ ಇಟ್ಟು ಹೊಡೆಯಲು ಮೌಸು. ಎರಡೂ ಕೈ ಒಟ್ಟಿಗೆ ಓಡಬೇಕು. ಅವಳಿಗೆ ಅದು ಕೂಡಿಬರುತ್ತಿರಲಿಲ್ಲ. ನಡೆದರೆ ಹೊಡೆಯಲು ಮರೆಯುತ್ತಿದ್ದಳು, ಹೊಡೆಯಲು ಹೋದರೆ ನಿಂತಲ್ಲೇ ನಿಂತುಬಿಡುತ್ತಿದ್ದಳು.

ಒಂದು ದಿನ ಕೂಗಿದಳು, "ಅಜ್ಜಿ, ನೀನು ಒಸಿ ಇದನ್ನ ಒತ್ತು ಬಾ, ನಾನು ನಡೀತೀನಿ!"

"ನಂಗ್ಯಾಕಮ್ಮಿ ಈ ವಯಸ್ನಾಗೆ ದೆವ್ವದ ಸಾವಾಸ?"

"ಬಾ ಅಜ್ಜಿ ಬೇಗ, ಸತ್ತೋಯ್ತೀನಿ!"

ಮೊಮ್ಮಗಳು ಸತ್ತುಹೋಗುತ್ತೇನೆ ಅಂದರೆ ಯಾವ ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ? ಮೊರ ಪಕ್ಕಕ್ಕೆ ತಳ್ಳಿ ಹೋಗಿ ಒತ್ತಿದೆ. ದೆವ್ವ ಬಿತ್ತು. ಇನ್ನೊಂದು ಬಂತು, ಅದೂ ಬಿತ್ತು. ಅವಳು ಕುರ್ಚಿಯ ಮೇಲೆ ನಿಂತು ಕುಣಿದಳು.

ಮದುವೆಯಾಗಿ ಬಂದಾಗಿನಿಂದ ನಾನು ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿಗೆ ಕೂತವಳು. ಕುದಿಯುವ ನೀರಿನಲ್ಲಿ ಗೂಡುಗಳು ಉರುಳಾಡುತ್ತಿರುತ್ತವೆ. ಯಾವ ಗೂಡಿನ ಎಳೆ ಕಿತ್ತುಹೋಯಿತು ಅಂತ ಕಣ್ಣು ಹಿಡಿಯಬೇಕು, ಕಣ್ಣಿನ ಹಿಂದೆಯೇ ಕೈ ಹೋಗಿ ಬೇರೆ ಎಳೆ ಕೊಡಬೇಕು. ಆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಕಣ್ಣಿನ ಹಿಂದೆ ಕೈ ಓಡುವ ಚಾಳಿ ಹೋಗಿರಲಿಲ್ಲ. ಹಾಗಾಗಿ ನಮ್ಮಿಬ್ಬರಲ್ಲಿ ಮಾತಾಯಿತು. ಅವಳು ಕಾಲು, ನಾನು ಕೈ.

ಆ ಖುಷಿಯನ್ನು ಹೇಗೆ ಬರೆಯಲಿ? ಅವಳ ತೊಡೆ ನನ್ನ ತೊಡೆಗೆ ಅಂಟಿರುತ್ತಿತ್ತು, ತಲೆಯ ಎಣ್ಣೆ ವಾಸನೆ ಮೂಗಿಗೆ ಬರುತ್ತಿತ್ತು. "ಬಲಕ್ಕೆ ಅಜ್ಜಿ, ಬಲಕ್ಕೆ!" ಅಂತ ಅವಳು, "ಓಡಮ್ಮಿ, ನಿಂತ್ಕೋಬ್ಯಾಡ!" ಅಂತ ನಾನು. ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಆಟಕ್ಕೆ ಕರೆದಿರಲಿಲ್ಲ.

ಆದರೆ ನಾಚಿಕೆ! ತಲೆ ಬೆಳ್ಳಗಾದ ಹೆಂಗಸು ನಡುಹಗಲಿನಲ್ಲಿ ಬಾಗಿಲಿಗೆ ಅಗುಳಿ ಹಾಕಿಕೊಂಡು ಬಂದೂಕು ಹೊಡೆಯುವುದೆಂದರೆ! ಪಕ್ಕದ ಮನೆಯವಳು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದು ಬಾಗಿಲು ಬಡಿದರೆ ನಾನು ಮೌಸನ್ನು ಕೈಬಿಟ್ಟು ಒಂದೇ ನೆಗೆತಕ್ಕೆ ಮೊರದ ಮುಂದೆ ಕೂರುತ್ತಿದ್ದೆ. ಅಷ್ಟರಲ್ಲಿ ಅಲ್ಲಿ ದೆವ್ವ ಬಂದು ನಮ್ಮನ್ನು ತಿಂದಿರುತ್ತಿತ್ತು. ಮೊಮ್ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. "ಯಾರಿಗೂ ಹೇಳಬ್ಯಾಡ" ಅಂತ ಅವಳ ಕೈಯಲ್ಲಿ ಕಬ್ಬಾಳಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದೆ. ಅವರಪ್ಪ ಅಮ್ಮನಿಗೂ ಹೇಳಿರಲಿಲ್ಲ ಆ ಕೂಸು.

ತೊಂದರೆ ಬಂದದ್ದು ಮೌಸಿನಿಂದ. ಬಿಸಿನೀರಿನಲ್ಲಿ ಬೆಂದು ಬೆಂದು ನನ್ನ ಬೆರಳ ತುದಿಗಳು ಮರಗಟ್ಟಿವೆ. ಗುಂಡಿ ಒತ್ತಿದೆನೋ ಇಲ್ಲವೋ ತಿಳಿಯುವುದಿಲ್ಲ. ತಿಳಿಯದೆ ಒತ್ತಿ ಒತ್ತಿ ಮೊದಲನೆಯ ಮೌಸಿನ ಗುಂಡಿ ಕುಸಿದುಹೋಯಿತು. ಮಗ ಇನ್ನೊಂದು ತಂದ. ಅದು ಸಾಬೂನಿನ ಬಿಲ್ಲೆಯ ಹಾಗೆ ಚಪ್ಪಟೆ, ಹಿಡಿದರೆ ಅಂಗೈ ಕೆಳಗೆ ಬರೀ ಗಾಳಿ. ಸ್ವಲ್ಪ ಹೊತ್ತಿಗೇ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ಹೊಟ್ಟೆಯೊಳಗೆ ಉರುಳುವ ಗುಂಡಿನ ಸುತ್ತ ದೂಳು ಸುತ್ತಿಕೊಂಡು ಅಲ್ಲಲ್ಲೇ ನಿಲ್ಲುತ್ತಿತ್ತು, ಉಗುರಿನಿಂದ ಬಿಡಿಸಿ ಬಿಡಿಸಿ ಓಡಿಸಿದೆ. ಕೊನೆಗೆ ಅದರ ಗುಂಡಿಯೂ ಹೋಯಿತು.

"ಅಗ್ಗದ ಮಾಲು, ಇಷ್ಟೇ ಇದು," ಅಂದ ಮಗ. ಮಗಳ ಮೇಲೂ ನನ್ನ ಮೇಲೂ ಅನುಮಾನ ಪಡಲಿಲ್ಲ. "ಆಟಕ್ಕೇ ಅಂತ ಬೇರೆ ಮೌಸ್ ಬತ್ತವೆ ಕಣವ್ವ, ಗಟ್ಟಿ ಇರ್ತವೆ. ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಹತ್ರ ಅಂಗ್ಡಿ ಐತೆ. ಸ್ಕೂಲ್ ರಜಾ ದಿನ ಮಗೀನ್ ಕರ್ಕೊಂಡೋಗಿ ಅವಳ ಕೈಗೆ ಕೂರೋದು ನೋಡ್ಕೊಂಡು ಬಾ. ಇನ್ನು ಇದೇ ಕೊನೆ, ಮತ್ತೆ ಕೇಳಬ್ಯಾಡಿ."

ಅವಳ ಕೈಗೆ! ನಾನು ತಲೆ ಆಡಿಸಿದೆ.

ಚನ್ನಪಟ್ಟಣದಲ್ಲಿ ನನ್ನ ಗುರುತಿನವರು ಯಾರೂ ಇಲ್ಲ ಅನ್ನುವುದೊಂದು ಸಮಾಧಾನವಾಗಿತ್ತು. ಆದರೆ ಹೊರಡುವ ಹೊತ್ತಿಗೆ ಬೀಗಿತ್ತಿ ಬಂದಿಳಿದರು. ಸೊಸೆಯ ತಾಯಿ, ದೊಡ್ಡಆಲಹಳ್ಳಿಯವರು. ಕಿರಿ ಮಗಳ ಕೂಸಿಗೆ ಮರದ ಗಿಲಕಿ ಬೇಕಾಗಿತ್ತಂತೆ.

"ಚನ್ನಪಟ್ಣಕ್ಕಾ? ನಾನೂ ಬತ್ತೀನಿ ನಡೀರಮ್ಮ!"

ನನ್ನ ಜೀವ ಅಲ್ಲೇ ಅರ್ಧ ಹೋಯಿತು. ಆ ಹೆಂಗಸಿನ ಮುಂದೆ ನನಗೆ ಮೊದಲಿನಿಂದಲೂ ಒಂದು ಅಳುಕು. ಅವರದು ಹಿಪ್ಪುನೇರಳೆ ತೋಟ ಇರುವ ಮನೆ, ಗೂಡು ಬೆಳೆದು ಮಾರುವವರು. ನಮ್ಮದು ಆ ಗೂಡನ್ನು ಬೇಯಿಸುವ ಕೂಲಿ. ಹೆಣ್ಣು ಕೇಳಲು ಹೋದ ದಿನ ಅವರು ನಗುತ್ತಲೇ, "ನಮ್ ಗೂಡೆಲ್ಲ ನಿಮ್ ಕೈಯಾಗೇ ಬೇಯಾದು ಅನ್ನಿ," ಅಂದಿದ್ದರು. ಗೂಡಿನ ಹುಳದ ವಾಸನೆ ಎಷ್ಟು ತೊಳೆದರೂ ಕೈ ಬಿಡುವುದಿಲ್ಲ. ಅವತ್ತು ಸೆರಗಿನೊಳಗೆ ಸೇರಿಸಿಕೊಂಡ ಕೈಯನ್ನು ಅವರ ಮುಂದೆ ಆಮೇಲೆ ಯಾವತ್ತೂ ಹೊರಗೆ ಚಾಚಿರಲಿಲ್ಲ. ತಾಂಬೂಲ ಕೊಡುವಾಗಲೂ ತಟ್ಟೆಯಲ್ಲಿಟ್ಟೇ ಕೊಡುತ್ತಿದ್ದೆ.

ಗಿಲಕಿ ಕೊಂಡಾಯಿತು. ಆಮೇಲೆ ಮಹಡಿ ಮೇಲಿನ ಆ ಅಂಗಡಿ ಹತ್ತಿದೆವು. ಅಂಗಡಿಯವನು ಇನ್ನೂ ಎಳೆಯ, ನಗುಮುಖದವನು. ಗೇಮಿಂಗ್ ಮೌಸ್ ಅಂತ ಮಗ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ.

"ಯಾರಿಗಮ್ಮಾ? ಪಾಪೂಗಾ?"

"ಹೂಂ ಕಣಪ್ಪ. ಇನ್ಯಾರಿಗೆ?"

ಅವನು ಮೊಮ್ಮಗಳ ಬಲಗೈ ಹಿಡಿದು ಗಾಜಿನ ಮೇಲೆ ಅಗಲವಾಗಿ ಇಡಿಸಿದ. ಮಣಿಕಟ್ಟಿನಿಂದ ನಡುಬೆರಳಿನ ತುದಿವರೆಗೆ ತನ್ನ ಗೇಣಿನಲ್ಲಿ ಅಳೆದ. "ಕೈ ಅಳತೆ ನೋಡದೆ ತಗೊಂಡ್ರೆ ನೋವು ಬರೋದು ಗ್ಯಾರಂಟಿ ಅಮ್ಮಾ," ಅಂದು ಒಂದು ಪುಟಾಣಿ ಮೌಸ್ ತೆಗೆದ. ಹುರುಳಿಕಾಯಿ ಬಣ್ಣದ್ದು, ನುಣ್ಣಗಿತ್ತು. ಕಪ್ಪೆಮರಿಯ ಹಾಗೆ ಅವಳ ಅಂಗೈಯೊಳಗೆ ಕೂತಿತು.

ಮೊಮ್ಮಗಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಇದಕ್ಕಿಂತ ದೊಡ್ಡದು ಬೇಕು."

"ಯಾಕಮ್ಮಾ, ಸರಿಯಾಗೈತಲ್ಲ?"

"ನಾನು ಬೆಳೀತೀನಲ್ಲ, ಅದಕ್ಕೆ."

ಬೀಗಿತ್ತಿ ನಕ್ಕುಬಿಟ್ಟರು. "ಒಸಿ ಉದ್ದ ಬುಟ್ಟು ಹೊಲಿಸೋಕೆ ಇದೇನು ಲಂಗವೇನಮ್ಮಿ?"

ಅಂಗಡಿಯವನೂ ನಕ್ಕ, ಆದರೂ ದೊಡ್ಡವು ಎರಡು ಮೂರು ತಂದಿಟ್ಟ. ಅದರಲ್ಲೊಂದು ಕಪ್ಪನೆಯದು. ಬೆನ್ನು ಗೂನಿನ ಹಾಗೆ ಎದ್ದಿತ್ತು, ಎರಡೂ ಪಕ್ಕಕ್ಕೆ ಒರಟು ರಬ್ಬರು. ಹೊಟ್ಟೆ ಕೆಳಗೆ ಗುಂಡು ಇಲ್ಲ, ಕೆಂಪು ದೀಪ. ದೂಳು ಸುತ್ತಿಕೊಳ್ಳುವ ಮಾತೇ ಇಲ್ಲ. ವೈರಿನ ಮೇಲೆ ಜಡೆಯಂತೆ ಹೆಣೆದ ದಾರದ ಹೊದಿಕೆ. ದಾರ ಕಂಡರೆ ನನ್ನ ಕಣ್ಣು ಸುಮ್ಮನಿರುತ್ತದೆಯೇ? ನೋಡಿದ ಕೂಡಲೇ ಗೊತ್ತಾಯಿತು, ಇದು ನನ್ನದು. ಸೆರಗಿನೊಳಗೆ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

ಮೊಮ್ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು. "ಅಜ್ಜಿ, ನೀನು ಒಸಿ ಹಿಡ್ದು ನೋಡು."

"ನಂಗೇನು ಗೊತ್ತಾಯ್ತದೆ? ಮಡಗು ಅಲ್ಲಿ," ಅಂದೆ. ದನಿ ನನಗೇ ಗಡುಸಾಗಿ ಕೇಳಿಸಿತು.

"ಚಿಕ್ಕದನ್ನೇ ಕೊಡಪ್ಪ, ಸಾಕು," ಅಂದರು ಬೀಗಿತ್ತಿ. ಅವನು ಪುಟಾಣಿಯನ್ನು ಡಬ್ಬಿಗೆ ಹಾಕತೊಡಗಿದ. ಇದೇ ಕೊನೆ ಅಂತ ಮಗ ಹೇಳಿದ್ದ. ಆ ಪುಟಾಣಿಯ ಮೇಲೆ ನನ್ನ ಕೈ ಇಟ್ಟರೆ ಒಂದೇ ವಾರ, ಮುರಿಯುತ್ತದೆ. ಮುರಿಯಬಾರದು ಅಂದರೆ ನಾನು ಮುಟ್ಟಬಾರದು. ನಾಳೆಯಿಂದ ನಾನು ಮೊರದ ಮುಂದೆ, ಅವಳು ಕುರ್ಚಿಯ ಮೇಲೆ. ಇಬ್ಬರ ಮಧ್ಯೆ ಅಷ್ಟು ಜಾಗ.

ಮೊಮ್ಮಗಳು ಆಣೆ ಮುರಿಯುವ ಹಾಗಿಲ್ಲ, ಪಾಪ. ನನ್ನ ಸೀರೆಯ ನೆರಿಗೆ ಹಿಡಿದು ಮೆಲ್ಲಗೆ ಅಂದಳು, "ಅಜ್ಜಿ, ಹಂಗಾದ್ರೆ ನಮಗೆ ಬರೀ ಕಾಲೇ ಇರೋದು."

"ಯಾವ ಕಾಲಮ್ಮಿ? ಏನಂತೈತೆ ಈ ಮಗ?" ಅಂದರು ಬೀಗಿತ್ತಿ.

ನಾನು ಸೆರಗಿನಿಂದ ಕೈ ತೆಗೆದು ಆ ಕಪ್ಪು ಮೌಸಿನ ಮೇಲೆ ಇಟ್ಟೆ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನನ್ನ ಕೈ ಎಷ್ಟು ಕೆಟ್ಟದಾಗಿ ಕಂಡಿತು! ಬಿಳಿಚಿದ ತುದಿಗಳು, ಸೀಳು ಬಿಟ್ಟ ಗಾಯದ ಗೆರೆಗಳು, ಸವೆದ ಉಗುರು. ಬೀಗಿತ್ತಿಯ ಕಣ್ಣು ಅದರ ಮೇಲೇ ಇತ್ತು. ಕಿವಿಯೆಲ್ಲ ಕಾದುಹೋಯಿತು. ಆದರೆ ಮೌಸಿನ ಗೂನು ನನ್ನ ಅಂಗೈಯ ಹಳ್ಳವನ್ನು ತುಂಬಿಕೊಂಡು ಕೂತಿತ್ತು. ಮಣಿಕಟ್ಟು ಇಳಿದು ಹಾಯಾಗಿ ಗಾಜಿನ ಮೇಲೆ ಒರಗಿತು. ಗುಂಡಿ ಒತ್ತಿದೆ, ತಿಳಿಯಲಿಲ್ಲ. ಬಗ್ಗಿ ಕಿವಿ ಹತ್ತಿರ ಇಟ್ಟು ಒತ್ತಿದೆ. ಟಕ್. ಒಣಗಿದ ಅವರೆಕಾಯಿ ಸಿಡಿದ ಹಾಗೆ.

"ಕಿವಿಗ್ಯಾಕಮ್ಮಾ?" ಅಂದ ಅಂಗಡಿಯವನು.

"ಬೆರಳಿಗೆ ಗೊತ್ತಾಗಕಿಲ್ಲ ಕಣಪ್ಪ. ಸದ್ದು ಕೇಳಿದ್ರೇನೆ ನಂಗೆ ಒತ್ತಿದ್ದು ಗೊತ್ತಾಗಾದು." ಆಮೇಲೆ, ಯಾರ ಮುಖವನ್ನೂ ನೋಡದೆ, "ಮಗೀಗಲ್ಲ. ಇದು ನಂಗೆ. ಹೊಡೆಯೋಳು ನಾನು," ಅಂದೆ.

ಅವನಾದರೂ ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ. "ಹಂಗಾದ್ರೆ ಆಡೇ ನೋಡಬೇಕು ಅಜ್ಜಿ, ಗಾಜಿನ ಮೇಲೆ ಒತ್ತಿ ಏನು ಗೊತ್ತಾಗ್ತದೆ?" ಅಂದು ತನ್ನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದ. ಆ ಪಾಳು ಬಂಗಲೆ ಅವನಲ್ಲೂ ಇತ್ತು. ಮೊಮ್ಮಗಳು ಆಗಲೇ ಸ್ಟೂಲು ಹತ್ತಿ ಕೀಬೋರ್ಡಿನ ಮೇಲೆ ಬೆರಳಿಟ್ಟಾಗಿತ್ತು. ಬೀಗಿತ್ತಿ ಹಿಂದೆ ನಿಂತಿದ್ದರು, ಕೈಯಲ್ಲಿ ಗಿಲಕಿ.

ಹೇಗೆ ಆಡಿದೆನೋ ನನಗೆ ನೆನಪಿಲ್ಲ. ಸೆರಗು ಜಾರಿದ್ದು, "ಓಡಮ್ಮಿ!" ಅಂತ ನಾನು ಅಂಗಡಿ ಹಾರಿಹೋಗುವ ಹಾಗೆ ಕೂಗಿದ್ದು ನೆನಪಿದೆ. ಮುಗಿದ ಮೇಲೆ ತಿರುಗಿದರೆ ಬಾಗಿಲಲ್ಲಿ ಯಾರೋ ಇಬ್ಬರು ಗಿರಾಕಿಗಳು ನಿಂತು ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದುಡ್ಡು ಕೊಟ್ಟು ಡಬ್ಬಿ ಎದೆಗವಚಿಕೊಂಡು ಮೆಟ್ಟಿಲು ಇಳಿದುಬಿಟ್ಟೆ.

ಬಸ್ಸಿನಲ್ಲಿ ಬೀಗಿತ್ತಿ ಕಿಟಕಿ ಕಡೆ, ನಾನು ಪಕ್ಕದಲ್ಲಿ, ಮೊಮ್ಮಗಳು ನನ್ನ ತೊಡೆಯ ಮೇಲೆ. ಆಯಮ್ಮ ಹೊರಗೇ ನೋಡುತ್ತಾ ಕೂತುಬಿಟ್ಟರು. ಇನ್ನು ದೊಡ್ಡಆಲಹಳ್ಳಿಯ ಮನೆಮನೆಗೂ ಸುದ್ದಿ ಹೋಗುತ್ತದೆ, ಸೊಸೆ ಇನ್ನು ಹೇಗೆ ತಲೆಯೆತ್ತುತ್ತಾಳೆ ಅಂತ ಯೋಚಿಸುತ್ತಾ ನಾನು ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡೆ. ರಾಮನಗರದ ಬೆಟ್ಟಗಳು ಕಾಣತೊಡಗಿದವು.

ಆಗ ಅವರು ಕಿಟಕಿಯಿಂದ ಮುಖ ತಿರುಗಿಸದೇ ಕೇಳಿದರು, "ಅಲ್ಲ ಕಣಮ್ಮಿ, ಎಡಗಡೆ ಮೆಟ್ಲಿಂದ ಒಂದು ಬಿಳೀದು ಬಂತಲ್ಲ, ಅದನ್ಯಾಕೆ ಹಂಗೇ ಬುಟ್ಬುಟ್ಟೆ?"

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕಣಮ್ಮಿ ಅಂದಿದ್ದು ಅದೇ ಮೊದಲು.

"ಕಾಣ್ನಿಲ್ಲ," ಅಂದೆ.

"ನಂಗೆ ಕಾಣ್ತಪ್ಪ! ಬಾಯಿಗೆ ಬಂದಿತ್ತು, ಕೂಗೋಕೆ ನಾಚ್ಕೆ ಆಯ್ತು."

ಮೊಮ್ಮಗಳು ನನ್ನ ತೊಡೆಯ ಮೇಲೇ ಕುಲುಕುಲು ನಕ್ಕಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಬೀಗಿತ್ತಿ ನನ್ನ ಕೈ ಎಳೆದುಕೊಂಡು ಬೆರಳ ತುದಿಯನ್ನು ಚಿವುಟಿದರು. "ಗೊತ್ತಾಯ್ತಾ?"

"ಇಲ್ಲ."

"ಇದು?"

"ಇಲ್ಲ ಕಣ್ರಮ್ಮ."

ಆಮೇಲೆ ಅವರು ಚಿವುಟಲಿಲ್ಲ. ಇಳಿಯುವ ತನಕ ಆ ಕೈ ಅವರ ಮಡಿಲಲ್ಲೇ ಇತ್ತು.

ಮನೆಗೆ ಬಂದವರೇ ಮೌಸು ಸಿಕ್ಕಿಸಿದೆವು. ಬೀಗಿತ್ತಿಗೆ ಊರಿಗೆ ಹೋಗುವ ಬಸ್ಸಿನ ನೆನಪೇ ಇಲ್ಲ. ಚಾಪೆ ಎಳೆದುಕೊಂಡು ನಮ್ಮ ಹಿಂದೆ ಕೂತು, "ಅಕೋ! ಕಂಬದ ಹಿಂದೆ! ಲೇ ಮಗ, ಹಿಂದಕ್ಕೆ ಸರ್ಕೊ!" ಅಂತ ಶುರು ಮಾಡಿದರು. ನಾವಿಬ್ಬರೂ ಯಾವತ್ತೂ ಮುಟ್ಟದಷ್ಟು ದೂರ, ಬಂಗಲೆಯ ಮಹಡಿ ಮೇಲೆ ಬಂದುಬಿಟ್ಟಿದ್ದೆವು. ಸರಿಯಾಗಿ ಆಗಲೇ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯವಳು, ಹೆಪ್ಪಿಗೆ.

ನನ್ನ ಮೈ ಅಭ್ಯಾಸದಂತೆ ಮೊರದ ಕಡೆ ನೆಗೆಯಲು ಹೊರಟಿತು. ಮೊಮ್ಮಗಳು ಕಾಲನ್ನು ನಡೆಸುತ್ತಲೇ ಓರೆಗಣ್ಣಿನಲ್ಲಿ ನನ್ನ ಕೈ ನೋಡಿದಳು, ಎದ್ದು ಹೋಗುತ್ತದೋ ಇರುತ್ತದೋ ಅಂತ.

"ಬೀಗಿತ್ತಮ್ಮ," ಅಂದೆ, ಕಣ್ಣು ತೆರೆಯ ಮೇಲೆ ಇಟ್ಟುಕೊಂಡೇ, "ಒಸಿ ಅಗುಳಿ ತೆಗೀರಿ. ಒಳಕ್ಕೇ ಬರಲಿ ಅವಳು."

ಮುಖವೆಲ್ಲ ಉರಿಯುತ್ತಿತ್ತು. ಕೈ ಎತ್ತಲಿಲ್ಲ.