ಪೂಜೆಗೆ ಕೊಟ್ಟ ಪ್ಯಾಟ್ರನ್

ನಾಯಂಡಹಳ್ಳಿಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡಿಗೂ ಮರಿಯಪ್ಪನ ಶೆಡ್ಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅವನು ಯಾರನ್ನಾದರೂ ಬೈದರೆ ನನಗೆ ಕೇಳಿಸಬೇಕಿತ್ತು. ಅವನು ಬೈಯುತ್ತಲೇ ಇರಲಿಲ್ಲ, ಅವನ ಪಾಲಿನದನ್ನೂ ನಾನೇ ಬೈಯಬೇಕಾಗಿತ್ತು.

ಎಂಬತ್ತಾರರ ಸುಮಾರಿಗೆ ಅವನಿಗೊಂದು ವಿಚಿತ್ರ ಕೆಲಸ ಗಂಟುಬಿತ್ತು. ಊರಾಚೆಯ ಕೆರೆಯಲ್ಲಿ ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು ಗಾಳಿಗೆ ಓಡುವ ಆಟದ ಕ್ಲಬ್ಬೊಂದಿತ್ತು. ಆಡುವವನು ಕೈಯಲ್ಲಿ ಹಿಡಿಯುವ, ಬಿಲ್ಲಿನಂತೆ ಬಾಗಿದ ಅಲ್ಯೂಮಿನಿಯಂ ಪೈಪೇ ಬೂಮ್. ಅದನ್ನು ಹಾಯಿಯ ಕಂಬಕ್ಕೆ ಕಚ್ಚಿಸುವ ಕ್ಲಾಂಪು ಮುರಿದರೆ ಫಾರಿನ್ನಿಂದ ಬರಬೇಕು, ಬರುತ್ತಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಬೂಮುಗಳನ್ನು ಜೀಪಿಗೆ ಹೇರಿಕೊಂಡು ಮರಿಯಪ್ಪನ ಬಳಿ ಬಂದರು. ಅವನು ಹಗ್ಗದ ರಾಟೆಯೊಳಗಿನ ಮರಳು ತೊಳೆದ, ಸವೆದ ರಿವೆಟ್ ಬದಲಿಸಿದ, ಬಿರುಕು ಬಿಟ್ಟ ಪೈಪಿನೊಳಗೆ ಸಣ್ಣ ಪೈಪು ತೂರಿಸಿ ಬಿಗಿದ. ಕ್ಲಾಂಪಿಗೆ ಮಾತ್ರ ತೇಗದ ಮರದಲ್ಲಿ ಪ್ಯಾಟ್ರನ್, ಅಂದರೆ ಎರಕದ ಮಾದರಿ ಕೆತ್ತಿ, ಫೌಂಡ್ರಿಯಲ್ಲಿ ಅದನ್ನು ಕರಿಮರಳಿಗೆ ಒತ್ತಿ ಅಚ್ಚು ತೆಗೆಸಿ ಎರಕ ಹೊಯ್ಸಿದ.

ಪ್ಯಾಟ್ರನ್ನಿನ ಒಳಬಾಗಿನಲ್ಲಿ ಒಂದು ಚೂಪಾದ ಏಣು ಉಳಿದುಬಿಟ್ಟಿತ್ತು. ಅಲ್ಲಿ ಮರದ ಗಂಟಿದೆ, ಕೆತ್ತಲು ಹೋದರೆ ಸೀಳುತ್ತದೆ ಎಂದು ಮರಿಯಪ್ಪ ಬಿಟ್ಟಿದ್ದ. ಎರಕದಲ್ಲೂ ಅದೇ ಏಣು ಮೂಡುತ್ತಿತ್ತು. ಪ್ರತಿ ಕ್ಲಾಂಪನ್ನೂ ದುಂಡು ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿಯೇ ಕೊಡುತ್ತಿದ್ದ. ಹಾಗೇ ಬಿಟ್ಟರೆ ಅದು ಫೈಬರ್ ಕಂಬವನ್ನು ಕೊರೆಯುತ್ತದೆ.

ಮುಂದಿನ ವರ್ಷ ಆಯುಧಪೂಜೆಯ ಹಿಂದಿನ ದಿನ ಗೋಪೀನಾಥ ಬಂದ. ಮರಿಯಪ್ಪನ ಹೆಂಡತಿ ಮುನಿಲಕ್ಷ್ಮಮ್ಮನ ತಮ್ಮ. ಭಾವನ ಹತ್ತಿರವೇ ಕೆಲಸ ಕಲಿತು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಂತ ಶೆಡ್ ಹಾಕಿದ್ದ.

"ಭಾವ, ಆ ಪ್ಯಾಟ್ರನ್ ಕೊಡಿ. ನಮ್ ಶೆಡ್ಡಲ್ಲಿ ಪೂಜೆಗಿಡ್ತೀನಿ. ನಿಮ್ ಕೈಗುಣ ನಂಗೂ ಬರ್ಲಿ."

ಮರಿಯಪ್ಪ ಹಿಗ್ಗಿಹೋದ. ಬಟ್ಟೆಯಲ್ಲಿ ಒರೆಸಿ ಕೊಟ್ಟ. ಪೂಜೆಗಿಟ್ಟ ಸಾಮಾನನ್ನು ಆ ದಿನ ಯಾರೂ ಮುಟ್ಟುವುದಿಲ್ಲ, ಕೇಳುವುದೂ ಇಲ್ಲ. ವಿಜಯದಶಮಿ ಕಳೆದು ವಾರವಾದ ಮೇಲೆ ಕುಂಕುಮ ಹಚ್ಚಿಕೊಂಡೇ ಅದು ವಾಪಸ್ ಬಂತು. ಮೂಲೆಯಲ್ಲಿ ಫೌಂಡ್ರಿಯ ಕರಿಮರಳು ಮೆತ್ತಿತ್ತು, ಅದೂ ಕುಂಕುಮದ ಮೇಲೆ. ನಾನು ಮರಿಯಪ್ಪನಿಗೆ ತೋರಿಸಿದೆ.

"ಹಳೇದಿರ್ಬೇಕು ಬಿಡು ಗುರು," ಎಂದ.

ಹಳೆಯದಂತೆ! ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಕ್ಲಬ್ಬಿನ ಜೀಪು ಈ ಕಡೆ ತಿರುಗಲಿಲ್ಲ. ಮರಿಯಪ್ಪ ಗೇಟಿನ ಬಾಗಿಲು, ಮಿಕ್ಸಿಯ ಜಾರು ರಿಪೇರಿ ಮಾಡುತ್ತ, ಮೈಸೂರು ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಹೊರಗೆ ಇಣುಕುತ್ತಿದ್ದ. ಅವನಿಗೆ ಆ ಬೂಮುಗಳ ಮೇಲೆ ಅಷ್ಟು ಪ್ರೀತಿ.

ಬೇಸಿಗೆಯಲ್ಲಿ ಜೀಪು ಬಂತು. ಸೆಕ್ರೆಟರಿ ಮುರಿದ ಕಂಬವೊಂದನ್ನು ಕ್ಲಾಂಪಿನ ಸಮೇತ ಅವನ ಮುಂದೆ ಎಸೆದರು.

"ಗೋಪೀನಾಥ್ ಆರು ತಿಂಗಳಿಂದ ಕ್ಲಾಂಪ್ ಮಾಡ್ಕೊಡ್ತಿದ್ರು. ಡಿಸೈನ್ ನಂದೇ ಅಂತಿದ್ರು. ಈಗ ಕಂಬಗಳು ಒಂದೊಂದೇ ಹೋಗ್ತಿವೆ. ಕೇಳಿದ್ರೆ, ಪ್ಯಾಟ್ರನ್ ನಿಮ್ದು, ತಪ್ಪೂ ನಿಮ್ದೇ ಅಂತಾರೆ. ಹೌದೇನ್ರೀ?"

ಮರಿಯಪ್ಪ ಕ್ಲಾಂಪಿನೊಳಗೆ ಬೆರಳಾಡಿಸಿದ. ಏಣು ಹಾಗೇ ಇತ್ತು. ಪೂಜೆಗೆಂದು ಒಯ್ದ ಪ್ಯಾಟ್ರನ್ನಿನಿಂದ ಗೋಪೀನಾಥ ರಾಶಿ ಎರಕ ಹೊಯ್ಸಿಕೊಂಡು, ಅರ ಮುಟ್ಟಿಸದೆ ಮಾರಿದ್ದ. ಚೆನ್ನಾಗಿ ನಡೆಯುವಷ್ಟು ದಿನ ಕ್ಲಾಂಪು ಗೋಪೀನಾಥನದು, ಮುರಿದ ದಿನ ಭಾವನದು. ಅದು ಅವನಿಗೆ ಆ ಕ್ಷಣ ಅರ್ಥವಾಯಿತು. ಮುಖ ಕಪ್ಪಿಟ್ಟಿತು.

"ಪ್ಯಾಟ್ರನ್ ನಂದೇ ಸಾರ್," ಎಂದ, ಅಷ್ಟೇ. ಹೊರಗಿನವರ ಮುಂದೆ ಹೆಂಡತಿಯ ತಮ್ಮನನ್ನು ಕಳ್ಳ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನಾನು ಬಾಯಿ ತೆರೆದೆ, ಕೈಹಿಡಿದು ತಡೆದ. ಸೆಕ್ರೆಟರಿ ಮತ್ತೆ ಬರಲಿಲ್ಲ. ಆ ರಾತ್ರಿ ಮುನಿಲಕ್ಷ್ಮಮ್ಮನಿಗೆ ಎಲ್ಲ ಹೇಳಿದವನು ನಾನೇ.

ಮುಂದಿನ ಆಯುಧಪೂಜೆಗೆ ಗೋಪೀನಾಥ ಸ್ವೀಟ್ ಬಾಕ್ಸ್ ಹಿಡಿದು ಬಂದ. ಅವನಿಗೆ ಬೇರೆ ಕ್ಲಬ್ಬೊಂದರ ಕೆಲಸ ಸಿಕ್ಕಿತ್ತಂತೆ.

"ಭಾವ, ಆ ಏಣು ಹೆಂಗೆ ತೆಗೀತಿದ್ರಿ? ಒಂದ್ಸಲ ಅರ ಹಿಡಿದು ತೋರ್ಸಿ."

ಅರ ದೇವರ ಮುಂದೆ ಹೂವಿನಡಿಯಲ್ಲಿತ್ತು. ಮರಿಯಪ್ಪ ತಲೆಯೆತ್ತಲಿಲ್ಲ.

"ಪೂಜೆಗಿಟ್ಟಿದ್ದನ್ನ ಮುಟ್ಟೋದು ನಮ್ಮನೇಲಿ ರೂಢಿ ಇಲ್ಲ ಕಣಪ್ಪ."

ಗೋಪೀನಾಥ ಅಕ್ಕನ ಮುಖ ನೋಡಿದ. ಶೆಡ್ಡಿನಲ್ಲೇ ಹಬ್ಬದೂಟಕ್ಕೆ ಎಲೆ ಹಾಕುತ್ತಿದ್ದ ಮುನಿಲಕ್ಷ್ಮಮ್ಮ ಅವನ ಎಲೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಹಬ್ಬದ ದಿನ ತಮ್ಮ ಉಣ್ಣದೆ ಹೊರಟ, ಅವಳು ಬಾಗಿಲ ತನಕವೂ ಹೋಗಲಿಲ್ಲ.