ಅಳಿಸಬೇಕಿದ್ದ ದನಿ

ನಮ್ಮ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಟ್ರ್ಯಾಕಮ್ಮ ಅಂತಲೇ ಕರೆಯುತ್ತಿದ್ದೆವು. ಹಾಡು ಹೇಗೆ ಹೋಗಬೇಕು ಅಂತ ಮೊದಲು ಹಾಡಿ ರೆಕಾರ್ಡ್ ಮಾಡಿಡುವುದು, ಅಂದರೆ ಟ್ರ್ಯಾಕ್ ಹಾಡುವುದು, ಅವಳ ಕೆಲಸ. ಆಮೇಲೆ ದೊಡ್ಡ ಗಾಯಕಿ ಬಂದು, ಅದನ್ನು ಕೇಳಿಕೊಂಡು ಹಾಡುತ್ತಾರೆ. ಇವಳ ದನಿಯನ್ನು ಇಂಜಿನಿಯರ್ ಅಳಿಸಿಹಾಕುತ್ತಾನೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಕೋರಸ್‌ನಲ್ಲಿ 'ಆ ಆ' ಅನ್ನುವ ನನ್ನ ದನಿಯಾದರೂ ಹಾಡಿನ ಮೂಲೆಯಲ್ಲೆಲ್ಲೋ ಉಳಿಯುತ್ತಿತ್ತು, ಅವಳಿಗೆ ಅದೂ ಇಲ್ಲ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ಫ್ಲಾಸ್ಕಿನ ಬಿಸಿನೀರು ಕುಡಿದು ಬಸ್ಸಿಗೆ ಓಡುತ್ತಿದ್ದಳು.

ಆ ದಿನ ದೊಡ್ಡ ಗಾಯಕಿಯ ಗಂಟಲು ಕೈಕೊಟ್ಟಿತು. ಹಾಡನ್ನು ಸಂಜೆಯೊಳಗೆ ಮುಗಿಸಿ ಕಳಿಸಲೇಬೇಕಿತ್ತು. ಸಂಗೀತ ನಿರ್ದೇಶಕರು, ಅಂದರೆ ನಮ್ಮ ಮೇಷ್ಟ್ರು, ಅವಳನ್ನು ಕರೆದು, "ಚೆನ್ನಾಗಿ ಬಂದ್ರೆ ನಿನ್ನ ದನೀನೇ ಇಟ್ಕೋತೀನಿ ಕಣಮ್ಮ," ಅಂದರು. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹಾಡಿನ ಹಾಳೆ ಎತ್ತಿಕೊಂಡಳು.

ಹಾಡು, ಗಂಡ ಕೈಬಿಟ್ಟ ಹೆಣ್ಣೊಬ್ಬಳು ಎದ್ದು ನಿಲ್ಲುವುದು. ಕೂತವರನ್ನೂ ಕುಣಿಸುವಂಥ ಧಾಟಿ. ಬರೆದವನು ಬೇರೆ ಯಾರೂ ಅಲ್ಲ, ಹಿಂದಿನ ವರ್ಷ ಅವಳನ್ನೇ ಬಿಟ್ಟುಹೋದ ಗಂಡ. ಅವನನ್ನು ನಾವು ಕವಿರಾಯ ಅನ್ನುತ್ತಿದ್ದೆವು, ಗೌರವದಿಂದಲ್ಲ. ಅವನು ಹೋದ ಮರುದಿನವೂ ಅವಳು ಬಂದು, ಸೋಪಿನ ಜಾಹೀರಾತಿಗೆ ನಗುನಗುತ್ತಾ ಹಾಡಿದ್ದಳು.

ಪಲ್ಲವಿ ಸಲೀಸಾಗಿ ಬಂತು. ಗಾಜಿನಾಚೆ ಬೂತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವಳು ಚರಣದ ಹಾಳೆ ತೆಗೆದಳು. ನಾವು ಕೋರಸ್‌ನವರು ಕೂತಿದ್ದ ಈಚೆ ಕಡೆ, ತನ್ನ ಹಾಡು ಕೇಳಲು ಬಂದಿದ್ದ ಕವಿರಾಯ ಮೇಜಿಗೆ ಮೊಣಕೈ ಊರಿ ಮೇಷ್ಟ್ರಿಗೆ ಹೇಳಿದ: "ಈ ಮೊದಲ್ನೇ ಸಾಲಿಗೆ ನಾನೇನೂ ತಲೆ ಕೆಡಿಸ್ಕೊಳ್ಳಲಿಲ್ಲ. ನಾನು ಮನೆ ಬಿಟ್ಟ ದಿನ ಇವಳೇ ಅತ್ಕೊಂಡು ಹೇಳಿದ್ದು, 'ನೀನಿಲ್ಲದೆ ನಾನು ಯಾರು' ಅಂತ. ನೋಡ್ತಿರಿ, ಅಲ್ಲಿಗೆ ಬಂದ ತಕ್ಷಣ ಗಂಟಲು ಕಟ್ಟುತ್ತೆ. ಬೇರೆ ಯಾರಿಗಾದ್ರೂ ಹೇಳಿಟ್ಟಿರಿ."

ಅವನ ಮೊಣಕೈ ಕೆಳಗೆ ಕೆಂಪು ದೀಪ ಉರಿಯುತ್ತಿತ್ತು. ಬೂತಿನವರ ಜೊತೆ ಮಾತಾಡುವ ಗುಂಡಿ ಅದು. ಪುಣ್ಯಾತ್ಮ ಅದನ್ನು ಒತ್ತಿಕೊಂಡೇ ಮಾತಾಡಿದ್ದ. ಒಂದೊಂದು ಅಕ್ಷರವೂ ಅವಳ ಕಿವಿಗೆ ಬಿದ್ದಿತ್ತು.  ಅವಳ ಮುಖ ಬಿಳಿಚಿಕೊಂಡಿತ್ತು. ಇಂಜಿನಿಯರ್ ದೀಪ ನೋಡಿ ನಾಲಿಗೆ ಕಚ್ಚಿಕೊಂಡ.

"ಮ್ಯೂಸಿಕ್ ಬಿಡಿ," ಅಂದಳು ಅವಳು.

ಡ್ರಮ್ಸ್ ಶುರುವಾಯಿತು. ಅಳಬೇಡ ಕಣೇ, ಇವತ್ತೊಂದು ದಿನ ಅಳಬೇಡ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. "ನೀನಿಲ್ಲದೆ ನಾನು ಯಾರು," ಎಂದು ಹಾಡಿದಳು. ದನಿ ಸಣ್ಣಗೆ ನಡುಗಿತು. ಕವಿರಾಯ ಹುಬ್ಬು ಹಾರಿಸಿದ. ಹಾಳೆಯಲ್ಲಿ ಅದೇ ಸಾಲು ಇನ್ನೊಮ್ಮೆ ಇತ್ತು. ಅವಳು ಹಾಳೆ ನೋಡಲಿಲ್ಲ, ಅವನನ್ನೇ ನೋಡಿ ಹಾಡಿದಳು: "ನೋಡೇಬಿಡ್ತೀನಿ ತಾಳು!"

ಕವಿರಾಯ ಧಿಗ್ಗನೆ ಎದ್ದು ಅದೇ ಗುಂಡಿ ಒತ್ತಿದ. "ಇದು ನನ್ನ ಸಾಲಲ್ಲ!"

"ಹೌದು, ನಂದು," ಅಂದಳು ಮೈಕಿನಲ್ಲೇ. "ಅವತ್ತು ಇದನ್ನೂ ಹೇಳಿದ್ದೆ. ಅಷ್ಟೊತ್ತಿಗೆ ನೀನು ಮೆಟ್ಟಿಲಿಳಿದು ಹೋಗಿದ್ದೆ."

"ಇದು ಹೀಗೇ ಹೋಗೋದಾದ್ರೆ ನನ್ನ ಹೆಸರು ತೆಗೀರಿ ಮೇಷ್ಟ್ರೇ!"

ಕವಿರಾಯನ ಹೆಸರಿಗೆ ಮಾರುಕಟ್ಟೆಯಿತ್ತು. ಮೇಷ್ಟ್ರು ಗಡಿಯಾರ ನೋಡಿದರು. "ಅವನು ಬರೆದ ಹಾಗೇ ಹಾಡಿಬಿಡಮ್ಮ. ಇಲ್ಲಾಂದ್ರೆ ಅಳಿಸ್ಬೇಕಾಗುತ್ತೆ."

"ಅಳಿಸಿ. ನಂಗದು ಅಭ್ಯಾಸ ಇದೆ. ಆದ್ರೆ ಅರ್ಧ ಮಾತು ಹಾಡಿ ಮನೆಗೆ ಹೋಗಲ್ಲ."

ಮ್ಯೂಸಿಕ್ಕೂ ರೆಕಾರ್ಡಿಂಗೂ ಇನ್ನೂ ಓಡುತ್ತಲೇ ಇದ್ದವು; ಇಂಜಿನಿಯರ್‌ನ ಬೆರಳು ಅಳಿಸುವ ಕೀ ಮೇಲೆ ಹೋಯಿತು. ನನಗೆ ತಡೆಯಲಾಗಲಿಲ್ಲ. ಕೋರಸ್‌ನವರು ಕರೆಯದೆ ಬೂತಿನೊಳಗೆ ಕಾಲಿಡುವ ಹಾಗಿಲ್ಲ, ಇಟ್ಟೆ. ಅವಳ ಪಕ್ಕ ನಿಂತು, "ನೋಡೇಬಿಡ್ತೀನಿ ತಾಳು," ಅಂತ ಗಂಟಲು ಬಿಚ್ಚಿ ಹಾಡಿದೆ. ನನ್ನ ಹಿಂದೆಯೇ ಉಳಿದ ಕೋರಸ್ ಹೆಂಗಸರೂ ನುಗ್ಗಿದರು. ನಮ್ಮ ದನಿಯ ಮೇಲೆ ಅವಳು ತನ್ನದನ್ನು ಇನ್ನೂ ಎತ್ತರಕ್ಕೆ ಒಯ್ದಳು.

ಗಾಜಿನಾಚೆ ಮೇಷ್ಟ್ರು ಇಂಜಿನಿಯರ್‌ನ ಕೈ ಹಿಡಿದುಕೊಂಡದ್ದು ಕಾಣಿಸಿತು. ಹಾಡು ನಿಂತ ಮೇಲೆ ಅವರು ಬೂತಿನ ಬಾಗಿಲಿಗೇ ಬಂದು, ಹಿಂದಕ್ಕೆ ತಿರುಗಿ ಕವಿರಾಯನಿಗೆ ಹೇಳಿದರು: "ನಿನ್ನ ಹೆಸರು ಇರ್ಬೇಕೋ ಬೇಡ್ವೋ ನೀನೇ ಯೋಚ್ನೆ ಮಾಡು. ಅವಳ ದನಿ ಇರುತ್ತೆ."

ಕವಿರಾಯ ಹೆಸರು ಉಳಿಸಿಕೊಂಡ. ಹಾಡು ಗೆಲ್ಲುತ್ತದೆ ಅನ್ನುವುದು ಅವನಿಗೂ ತಿಳಿದುಹೋಗಿತ್ತು.

ಎಲ್ಲ ಮುಗಿಯಿತು. ಅವಳು ಎಂದಿನಂತೆ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟಳು. ನಾನು ಕೈ ಹಿಡಿದು ಎಳೆದೆ. "ಎಲ್ಲಿಗೇ ಓಡ್ತೀಯ? ಕೂತ್ಕೊಂಡು ಕೇಳು."

ಇಂಜಿನಿಯರ್ ಹಾಡು ಹಾಕಿದ. ಕೊನೆಯವರೆಗೂ ಅವಳು ಅಲುಗಾಡದೆ ಕೇಳಿದಳು. ಆಮೇಲೆ, "ಇನ್ನೊಂದ್ಸಲ ಹಾಕಪ್ಪ," ಅಂದಳು.