ಹಡಗಿನಲ್ಲಿ ಇಲ್ಲದ ಅಡುಗೆಯವನು

ನಮ್ಮ ಕನ್ನಡಕದ ಅಂಗಡಿಗೆ ಬರುವವರಿಗೆ ಕಾಣುವುದು ಮುಂದಿನ ಭಾಗ ಮಾತ್ರ. ಕನ್ನಡಿ, ಫ್ರೇಮುಗಳ ಸಾಲು, ಕೌಂಟರಿನಲ್ಲಿ ನಾನು. ಪರದೆಯ ಹಿಂದೆ ಒಂದು ಸಣ್ಣ ಕೋಣೆಯಿದೆ. ಅಲ್ಲಿ ಕೂತು ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಸಾಣೆ ಹಿಡಿದು ಕೂರಿಸುವವಳು ಲೆನ್ಸಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ, ಆದರೂ ಯಜಮಾನರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಅಕ್ಕ. ಸಾಣೆಯ ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಅದರ ಬಿಳಿ ಕೆಸರು ಅವಳ ಉಗುರುಸಂದಿಯಲ್ಲಿ ಸದಾ ಇರುತ್ತದೆ. ಮಾತು ಕಡಿಮೆ. ಅವಳ ಬಾಯಿ ಬಿಡಿಸಲು ಇದ್ದದ್ದು ಒಂದೇ ದಾರಿ, ಅನಿಮೆ. ಆ ಜಪಾನಿ ಕಾರ್ಟೂನ್ ಕಥೆಗಳ ಸುದ್ದಿ ತೆಗೆದರೆ ಸಾಕು, ಕೈಯಲ್ಲಿದ್ದ ಲೆನ್ಸ್ ಕೆಳಗಿಟ್ಟು ಮಾತಿಗೆ ಕೂರುತ್ತಿದ್ದಳು.

ಈ ಹುಚ್ಚು ಹತ್ತಿದ್ದು ಅವಳ ಗಂಡನ ಕಾಲು ಮುರಿದಾಗ. ಅವನು ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗೆ ಇಳಿಯುವಾಗ ಜಾರಿಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮಂಚ ಹಿಡಿದ. ಹೊತ್ತು ಹೋಗದೆ ಫೋನಿನಲ್ಲಿ ಏನೇನೋ ಹುಡುಕುತ್ತಿದ್ದವನಿಗೆ, ಕಡಲತೀರದ ದೀಪಸ್ತಂಭದಲ್ಲಿ ಒಬ್ಬಳೇ ವಾಸವಾಗಿರುವ ಹುಡುಗಿಯ ಕಥೆಯೊಂದು ಸಿಕ್ಕಿತು. ಸಂಜೆ ಲೆನ್ಸಕ್ಕ ಕೆಲಸದಿಂದ ಬಂದ ಮೇಲೆ ಇಬ್ಬರೂ ಮಂಚದ ಮೇಲೆ ಒರಗಿ ಒಂದೇ ಫೋನಿಗೆ ಕಣ್ಣು ಕೀಲಿಸಿಕೊಂಡು ನೋಡುತ್ತಿದ್ದರು. ಕಥೆ ಮುಗಿದ ದಿನ ಇಬ್ಬರೂ ಅತ್ತರಂತೆ. ಅಡುಗೆಮನೆಯಿಂದ ಇಣುಕಿದ ಅತ್ತೆ, "ಕಾಲು ಮುರಿದಾಗ ಹನಿ ಕಣ್ಣೀರು ಹಾಕದವನು ಗೊಂಬೆ ನೋಡ್ಕೊಂಡು ಅಳ್ತಾ ಇದ್ದಾನಲ್ಲ" ಅಂದು ಒಳಗೆ ಹೋದರಂತೆ. ಇದನ್ನು ಹೇಳುವಾಗ ಲೆನ್ಸಕ್ಕನ ಮುಖ ನೋಡಬೇಕಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಗಂಡನ ಜೊತೆ ಮಾತಾಡಲು ಒಂದು ವಿಷಯ ಸಿಕ್ಕಿತ್ತು ಅವಳಿಗೆ.

ಕಾಲು ಕೂಡಿಕೊಂಡಿತು, ಅವನು ಕೆಲಸಕ್ಕೆ ಹೋದ. ಅವನ ಪಾಳಿ ಒಂದು ಹೊತ್ತಿಗೆ, ಇವಳ ಅಂಗಡಿ ಇನ್ನೊಂದು ಹೊತ್ತಿಗೆ. ಜೊತೆಗೆ ಕೂತು ನೋಡುವುದು ಕೈಗೂಡಲಿಲ್ಲ. ಆಗ ಒಂದು ಏರ್ಪಾಡು ಮಾಡಿಕೊಂಡರು: ಅವರವರ ಬಿಡುವಿನಲ್ಲಿ ನೋಡುವುದು, ಊಟಕ್ಕೆ ಕೂತಾಗ ಮಾತಾಡುವುದು. ಯಾವುದನ್ನು ನೋಡಬೇಕೆಂದು ಆರಿಸುವ ಕೆಲಸ ಅವನದು. ಆ್ಯಪಿನಲ್ಲಿ ಅವಳ ಪಟ್ಟಿಗೆ ಅವನೇ ಸೇರಿಸುತ್ತಿದ್ದ.

"ಇದನ್ನ ನೀನು ನೋಡ್ಲೇಬೇಕು ಕಣೇ. ನಾನಾಗ್ಲೇ ಅರ್ಧಕ್ಕೆ ಬಂದಿದ್ದೀನಿ" ಅನ್ನುತ್ತಿದ್ದ.

ಅವನು ಯಾವಾಗಲೂ ಮುಂದೆ, ಅವಳು ಯಾವಾಗಲೂ ಹಿಂದೆ. ಒಂದು ಮುಗಿಸುವಷ್ಟರಲ್ಲಿ ಇನ್ನೆರಡು ಬಂದು ಕೂತಿರುತ್ತಿದ್ದವು. ಮುಗಿದವೆಂದುಕೊಂಡ ಕಥೆಗಳಿಗೂ ಹೊಸ ಭಾಗಗಳು ಹುಟ್ಟುತ್ತಿದ್ದವು. ಮೊದಮೊದಲು ಅವಳಿಗೆ ಅದು ಖುಷಿಯೇ. ತುಂಬಿದ ಕಣಜ ನೋಡಿದ ಹಾಗೆ. ಆಮೇಲೆ ಆ ಪಟ್ಟಿಯನ್ನು ತೆರೆದರೆ ಇನ್ನೂ ಎಷ್ಟಿದೆಯೆಂದು ಎಣಿಸಲು ಶುರುಮಾಡಿದಳು. ಬಸ್ಸಿನಲ್ಲಿ ನೋಡಿದಳು, ತರಕಾರಿ ಹೆಚ್ಚುತ್ತಾ ನೋಡಿದಳು, ಬಟ್ಟೆ ಮಡಿಸುತ್ತಾ ನೋಡಿದಳು. ಹಾಡುಗಳನ್ನು ಹಾರಿಸಿದಳು. ವೇಗ ಏರಿಸಿಟ್ಟುಕೊಂಡಳು. ಪಾತ್ರಗಳು ಓಡೋಡಿಕೊಂಡು ಪ್ರೀತಿಸಿ, ಓಡೋಡಿಕೊಂಡು ಸಾಯುತ್ತಿದ್ದವು. ಅವಳ ಕಣ್ಣು ಪರದೆಯ ಕೆಳಗೆ ಬರುವ ಅನುವಾದದ ಅಕ್ಷರಗಳ ಹಿಂದೆಯೇ ಓಡುತ್ತಿತ್ತು, ಮೇಲೆ ಏನು ನಡೆಯುತ್ತಿದೆಯೆಂದು ಅರ್ಧಂಬರ್ಧ ತಿಳಿಯುತ್ತಿತ್ತು.

"ಬೇಜಾರಾದ್ರೆ ಬಿಟ್ಟುಬಿಡಕ್ಕ, ಯಾರು ಬಲವಂತ ಮಾಡ್ತಾರೆ?" ಅಂತ ನಾನು ಒಮ್ಮೆ ಕೇಳಿದೆ.

"ಬಿಟ್ಟರೆ ಊಟಕ್ಕೆ ಕೂತಾಗ ಏನು ಮಾತಾಡೋದು?" ಅಂದಳು. ತಮಾಷೆಗೆ ಅಂದದ್ದೇನಲ್ಲ. "ಅವರು ಅಷ್ಟು ಹುಮ್ಮಸ್ಸಿನಿಂದ ಹೇಳ್ತಾ ಇರ್ತಾರೆ. ನಂಗೆ ಸಾಕಾಗಿದೆ ಅಂದ್ರೆ ಅವರ ಮುಖ ಬಾಡಿಹೋಗುತ್ತೆ."

ಅವಳಿಗೆ ಹೆಚ್ಚು ಕಾಡಿದ್ದು ಬೇರೆ. ಹಿಂದೆ ಕಣ್ಣಲ್ಲಿ ನೀರು ಬರುತ್ತಿದ್ದ ಕಡೆ ಈಗ ಏನೂ ಆಗುತ್ತಿರಲಿಲ್ಲ. ತಾಯಿ ಮಗುವನ್ನು ಬಿಟ್ಟುಹೋಗುವ ದೃಶ್ಯವೊಂದು ಬಂದಾಗ, ಇನ್ನು ಎಷ್ಟು ಹೊತ್ತು ಉಳಿದಿದೆ ಅಂತ ಪರದೆಯ ಕೆಳಗೆ ಸರಿಯುವ ಗೆರೆ ನೋಡಿದಳಂತೆ. "ನನ್ನೊಳಗೇ ಏನೋ ಕೆಟ್ಟುಹೋಗಿದೆ ಅನ್ಸುತ್ತೆ" ಅಂದಳು. ತನ್ನನ್ನೇ ಅನುಮಾನಿಸಿದಳೇ ಹೊರತು ಗಂಡನನ್ನಲ್ಲ. ಪಾಪ, ಅವನು ಪಾಳಿ ಮುಗಿಸಿ, ಸಂಜೆ ತುರ್ತು ಕರೆಗಳಿಗೂ ಓಡಿ, ಅದರ ನಡುವೆಯೂ ಎಲ್ಲವನ್ನೂ ನೋಡಿ ಮುಗಿಸುತ್ತಾನೆ, ತನಗೇಕೆ ಆಗುವುದಿಲ್ಲ ಅನ್ನುವುದೇ ಅವಳ ಕೊರಗು.

ಆ ತುರ್ತು ಕರೆಗಳ ಕಥೆ ನಮಗೂ ಬರುತ್ತಿತ್ತು. ವಾರದಲ್ಲಿ ಎರಡು ಮೂರು ಸಂಜೆ ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಒಮ್ಮೆ ತುಂಬು ಬಸುರಿಯೊಬ್ಬಳು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದಳಂತೆ. ಮರುದಿನ ಲೆನ್ಸಕ್ಕ ಆ ಬಸುರಿಗಾಗಿ ಎಷ್ಟು ಮರುಗಿದಳೆಂದರೆ, ಹೆರಿಗೆ ಸುಸೂತ್ರವಾಯಿತೇ ಅಂತ ಆಮೇಲೆ ವಾರಗಟ್ಟಲೆ ಗಂಡನನ್ನು ಕೇಳುತ್ತಿದ್ದಳು. ಹೆಣ್ಣುಮಗುವಾಯಿತು ಅಂತ ಅವನು ಕೊನೆಗೆ ಸುದ್ದಿ ತಂದ.

ದಣಿವು ಕೆಲಸಕ್ಕೂ ಇಳಿಯಿತು. ಒಂದು ದಿನ ದರ್ಜಿಯೊಬ್ಬರು ಹೊಸ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. "ಇದನ್ನ ಹಾಕ್ಕೊಂಡ್ರೆ ಮೆಟ್ಟಿಲು ಮೇಲೆದ್ದು ಬರುತ್ತೆ ಸ್ವಾಮಿ. ಸೂಜಿ ಒಂದು ಕಡೆ, ನನ್ನ ಬೆರಳು ಒಂದು ಕಡೆ" ಅಂದರು. ಯಜಮಾನರು ಪವರ್ ನೋಡುವ ಯಂತ್ರದಲ್ಲಿಟ್ಟು ನೋಡಿದರು. ಬಲಗಣ್ಣಿನ ಲೆನ್ಸನ್ನು ಎಡಕ್ಕೆ, ಎಡಗಣ್ಣಿನದನ್ನು ಬಲಕ್ಕೆ ಹಾಕಿಟ್ಟಿದ್ದಳು ಲೆನ್ಸಕ್ಕ. ಅವಳ ಕೈಯಿಂದ ಇಂಥದ್ದು ಆದದ್ದು ಅದೇ ಮೊದಲು. ಯಜಮಾನರು ರೇಗಲಿಲ್ಲ. "ನಿನ್ನ ಕಣ್ಣೇ ಕೆಂಪಗಿದೆಯಲ್ಲಮ್ಮ, ಮನೆಗೆ ಹೋಗಿ ಮಲಕ್ಕೋ" ಅಂದರು. ರೇಗಿದ್ದರೇ ವಾಸಿಯಿತ್ತು ಅಂತ ಅವಳು ಹೇಳಿದಳು.

ಅವಳು ಮಲಗಲಿಲ್ಲ. ಮನೆಗೆ ಹೋಗಿ, ಹೇಗೂ ರಜೆ ಸಿಕ್ಕಿದೆಯಲ್ಲ, ಒಂದಷ್ಟು ಮುಗಿಸಿಬಿಡೋಣ ಅಂತ ಮತ್ತೆ ಅದನ್ನೇ ಹಚ್ಚಿಕೊಂಡು ಕೂತಳು. ಆಗ ನಡೆಯುತ್ತಿದ್ದುದು ಗಾಳಿಯಲ್ಲಿ ತೇಲುವ ಹಡಗಿನ ಕಥೆ. ಅದರ ಜೊತೆಗೇ ಬೆಟ್ಟದೂರಿನ ವೈದ್ಯೆಯೊಬ್ಬಳ ಕಥೆಯನ್ನೂ ನೋಡುತ್ತಿದ್ದಳು. ಎರಡೂ ತಲೆಯಲ್ಲಿ ಕಲಸಿಹೋಗಿದ್ದವು.

ಊಟಕ್ಕೆ ಕೂತಾಗ ಗಂಡ ಕೇಳಿದ, "ಹಡಗಿನದು ಎಲ್ಲಿಗೆ ಬಂತು?"

"ಆ ಮುದುಕ ಸೇತುವೆ ಮೇಲೆ ನಿಂತು ಪತ್ರ ಹರಿದು ಹಾಕ್ತಾನಲ್ಲ, ಅಲ್ಲಿ ತನಕ" ಅಂದಳು.

"ಹೌದು ಹೌದು, ಎಂಥಾ ಸೀನ್ ಅದು. ನಂಗಂತೂ ಗಂಟಲು ಕಟ್ಟಿಬಂತು" ಅಂದ ಅವನು.

ಪಾತ್ರೆ ತೊಳೆಯುವಾಗ ಅವಳಿಗೆ ಹೊಳೆಯಿತು. ಮುದುಕ, ಸೇತುವೆ, ಪತ್ರ, ಎಲ್ಲವೂ ವೈದ್ಯೆಯ ಕಥೆಯವು. ಹಡಗಿನ ಕಥೆಯಲ್ಲಿ ನೆಲವೇ ಇಲ್ಲ, ಸೇತುವೆ ಎಲ್ಲಿಂದ ಬರಬೇಕು? ತಾನು ಗೊಂದಲ ಮಾಡಿಕೊಂಡೆ, ಸರಿ. ಅವನಿಗೆ ಹೇಗೆ ಗಂಟಲು ಕಟ್ಟಿತು? ಅವನೂ ತನ್ನಂತೆಯೇ ದಣಿದು ಕಲಸಿಕೊಂಡಿರಬಹುದು ಅಂತ ಸಮಾಧಾನ ಮಾಡಿಕೊಂಡಳು. ಆದರೆ ಹುಳ ಹೊಕ್ಕಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಅವಳು ಒಂದು ಸುಳ್ಳು ಕಟ್ಟಿಕೊಂಡು ಕೂತಳು. ಅತ್ತೆಯೂ ಜೊತೆಗಿದ್ದರು.

"ರೀ, ಆ ಹಡಗಿನಲ್ಲಿ ಕುಂಟ ಅಡುಗೆಯವನೊಬ್ಬ ಇದ್ದಾನಲ್ಲ, ಅವನ ಬಗ್ಗೆ ಏನನ್ಸುತ್ತೆ ನಿಮಗೆ?"

ಅವನು ತುತ್ತು ಬಾಯಿಗಿಡುತ್ತಲೇ, "ಇಡೀ ಕಥೇಲಿ ನಂಗೆ ಇಷ್ಟವಾದವನೇ ಅವನು" ಅಂದ.

"ಹೌದಾ? ಯಾಕೆ?"

"ಯಾಕೆ ಅಂದ್ರೆ... ಅವನ ಕಷ್ಟ ನಂಗೆ ಅರ್ಥವಾಗುತ್ತೆ. ನಾನೂ ಕಾಲು ಮುರ್ಕೊಂಡವನೇ ಅಲ್ವಾ."

"ಅವನ ನಾಯಿ?"

"ಅದಂತೂ ಮುದ್ದು."

ಅತ್ತೆಗೆ ನೆತ್ತಿಗೇರಿತು. ಕೆಮ್ಮುತ್ತಾ, ನೀರು ಕುಡಿಯುತ್ತಾ, ಸೊಸೆಯ ಮುಖ ಬಿಟ್ಟು ಇನ್ನೆಲ್ಲ ಕಡೆ ನೋಡಿದರು. ಆ ಕೆಮ್ಮಿನಲ್ಲೇ ಲೆನ್ಸಕ್ಕನಿಗೆ ಎಲ್ಲ ಗೊತ್ತಾಗಿಹೋಯಿತು.

"ಆ ಹಡಗಿನಲ್ಲಿ ಅಡುಗೆಯವನೇ ಇಲ್ಲ. ನಾಯಿಯೂ ಇಲ್ಲ" ಅಂದಳು.

ಅವನ ಕೈ ತಟ್ಟೆಯಲ್ಲೇ ನಿಂತಿತು. ಮೆಲ್ಲಗೆ, "ನೋಡೋದು ಬಿಟ್ಟು ತುಂಬ ದಿನ ಆಯ್ತು ಕಣೇ" ಅಂದ. "ನೆಟ್‌ನಲ್ಲಿ ಕಥೆ ಬರೆದಿರ್ತಾರೆ, ಅದನ್ನ ಓದ್ಕೊಂಡು ಬರ್ತಿದ್ದೆ."

"ಎಷ್ಟು ದಿನ ಆಯ್ತು?"

"ಕಾಲು ಸರಿಹೋದ ಮೇಲೆ ಒಂದೋ ಎರಡೋ ನೋಡಿದೆ ಅಷ್ಟೆ. ಬೇಜಾರಾಗೋಯ್ತು."

"ಹಾಗಾದ್ರೆ ನನ್ನ ಪಟ್ಟಿಗೆ ಯಾಕೆ ಸೇರಿಸ್ತಾ ಇದ್ರಿ?"

ಉತ್ತರ ಬಂದದ್ದು ಅತ್ತೆಯಿಂದ. "ಬಿಡಮ್ಮ, ಕುಡಿಯೋಕೆ ಹೋಗ್ತಾನಾ, ಇನ್ನೆಲ್ಲಿಗೋ ಹೋಗ್ತಾನಾ? ಬೇಕಾದಷ್ಟು ಜನ ಸೇರಿ ಟೇಬಲ್ ಟೆನಿಸ್ ಆಡ್ತಾರೆ. ಆಡ್ಕೊಂಡು ಬರ್ತಾನೆ. ನೀನೂ ಫೋನ್ ಹಿಡ್ಕೊಂಡು ನಿನ್ನ ಪಾಡಿಗೆ ಇರ್ತಿದ್ದೆ. ಮನೇಲಿ ಒಂದು ಜಗಳವಿಲ್ಲ, ರಗಳೆಯಿಲ್ಲ, ನೆಮ್ಮದಿಯಾಗಿತ್ತು."

ಅಗ್ನಿಶಾಮಕ ಠಾಣೆಯ ಹಿಂದೆ ಒಂದು ಹಾಲ್ ಇದೆ, ಅಲ್ಲಂತೆ ಆಟ. ವಾರದಲ್ಲಿ ಎರಡು ಮೂರು ಸಂಜೆ. ಲೆನ್ಸಕ್ಕ ಲೆಕ್ಕ ಹಾಕುತ್ತಾ ಕೂತಳು, ಎಲ್ಲ ಸಂಜೆಗಳೂ ಹೊಂದಿಕೊಂಡವು.

"ಹಾಗಾದ್ರೆ ಆ ಬಸುರಿ?"

"ಯಾವ ಬಸುರಿ?" ಅಂದ ಅವನು.

ಅದನ್ನು ಮರೆತೇಬಿಟ್ಟಿದ್ದ. ಇವಳನ್ನು ಕೊರೆದದ್ದು ಅದೇ. ಕಟ್ಟಿದ ಸುಳ್ಳನ್ನು ನೆನಪಿಟ್ಟುಕೊಳ್ಳುವಷ್ಟು ಬೆಲೆಯೂ ಅವನು ಅದಕ್ಕೆ ಕೊಟ್ಟಿರಲಿಲ್ಲ. "ಇಲ್ಲದ ಹೆಣ್ಣಿಗಾಗಿ ನಾನು ನಿದ್ದೆಗೆಟ್ಟೆ. ಇಲ್ಲದ ಮಗುವಿಗೆ ಟೋಪಿ ಹೆಣೆಯೋಣ ಅಂತ ಉಲ್ಲನ್ ದಾರ ಕೂಡ ನೋಡ್ಕೊಂಡು ಬಂದಿದ್ದೆ" ಅಂತ ನನ್ನ ಮುಂದೆ ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆಟ ಆಡೋಕೆ ಹೋಗ್ತೀನಿ ಅಂದಿದ್ರೆ ನಾನೇನು ಕಾಲಿಗೆ ಹಗ್ಗ ಕಟ್ತಿದ್ನಾ? ಒಂದು ಮಾತು ಹೇಳೋದು ಬಿಟ್ಟು ನನ್ನ ಕೈಗೆ ಗಿಲಕಿ ಕೊಟ್ಟು ಕೂರಿಸಿದ್ರು. ಮಗು ಹಟ ಮಾಡದ ಹಾಗೆ."

ಅವಳು ಜಗಳಾಡಲಿಲ್ಲ, ತವರಿಗೂ ಹೋಗಲಿಲ್ಲ. ಮರುದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಊಟದ ಡಬ್ಬಿ ಪಕ್ಕಕ್ಕಿಟ್ಟು, ಪಟ್ಟಿಯನ್ನು ತೆರೆದು ಒಂದೊಂದೇ ಅಳಿಸಿದಳು. ಪ್ರತಿ ಸಲವೂ ಆ್ಯಪು ನಿಜವಾಗಿಯೂ ತೆಗೆಯಬೇಕೇ ಅಂತ ಕೇಳುತ್ತಿತ್ತು. "ಇವನೊಬ್ಬ ಇದ್ದಾನೆ ನೋಡಪ್ಪ ಕೇಳಿ ಮಾಡೋನು" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಪಟ್ಟಿ ಖಾಲಿಯಾದರೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಹಗುರಾಗಲಿಲ್ಲ. ನಿದ್ದೆಯೇನೋ ಬಂತು, ಕಣ್ಣಿನ ಕೆಂಪು ಹೋಯಿತು, ದರ್ಜಿಯ ಕನ್ನಡಕವನ್ನು ತಾನೇ ಸರಿಮಾಡಿ ಅವರ ಅಂಗಡಿಗೆ ಕೊಟ್ಟುಬಂದಳು. ಆದರೆ ಸಂಜೆಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಇಷ್ಟು ದಿನ ನೋಡಿದ್ದರಲ್ಲಿ ಯಾವುದು ತನಗೆ ಹಿಡಿಸಿತ್ತು, ಯಾವುದು ಅವನಿಗಾಗಿ ಹಿಡಿಸಿಕೊಂಡದ್ದು ಅಂತ ಬಿಡಿಸಿ ನೋಡಿದರೆ ಗಂಟು ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಊಟ ಸದ್ದಿಲ್ಲದೆ ಮುಗಿಯುತ್ತಿತ್ತು.

"ಏನಾದ್ರೂ ಮಾತಾಡೇ" ಅಂದನಂತೆ ಗಂಡ ಒಂದು ದಿನ.

"ನನ್ನ ಹತ್ರ ಇದ್ದ ಮಾತೆಲ್ಲ ಅದೇ ಆಗಿತ್ತು. ನಿಮ್ಮ ಹತ್ರ ಇದ್ರೆ ನೀವೇ ಆಡಿ."

ಅವನು ಟೇಬಲ್ ಟೆನಿಸ್ ಹಾಲ್‌ನ ಸುದ್ದಿ ಶುರುಮಾಡಿದ. ಚೆಂಡನ್ನು ಅಡ್ಡಡ್ಡ ತಿರುಗಿಸುವ ಒಬ್ಬ ಬಡಗಿ, ಸೋತಾಗಲೆಲ್ಲ ಬ್ಯಾಟಿನ ಮೇಲೆ ತಪ್ಪು ಹಾಕುವ ಒಬ್ಬ ಗುಮಾಸ್ತ. ಅವಳು ಕೇಳಿಸಿಕೊಂಡಳು. ಆ ಬಡಗಿಯೂ ಇದ್ದಾನೋ ಇಲ್ಲವೋ ಅಂತ ಮನಸ್ಸು ಹಿಂದೆ ನಿಂತು ನೋಡುತ್ತಿತ್ತಂತೆ. ಅವನು ನಿಜ ಹೇಳಿದರೂ ಅದು ನಿಜವಾಗಿ ಬಂದು ಮುಟ್ಟುತ್ತಿರಲಿಲ್ಲ. ಪೂರ್ತಿ ಮೊದಲಿನಿಂದ, ದೀಪಸ್ತಂಭದ ಹುಡುಗಿಯಿಂದಲೇ, ಇಬ್ಬರೂ ಕೂತು ನೋಡೋಣ ಅಂತಲೂ ಕೇಳಿದ. ಅವಳು ಬೇಡವೆಂದಳು. ಬೇಜಾರಾಗುವುದನ್ನು ಬಲವಂತವಾಗಿ ಕಣ್ಣರಳಿಸಿ ನೋಡುವುದು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಅಂಗಡಿಯಿಂದ ನೇರ ಆ ಆಟದ ಹಾಲ್‌ಗೆ ಹೋದಳು, ಯಾರಿಗೂ ಹೇಳದೆ. ಬಾಗಿಲು ತೆರೆದಿತ್ತು. ಬಡಗಿ ನಿಜವಾಗಿಯೂ ಇದ್ದ, ಎತ್ತರದ ಆಳು. ಗಂಡ ಅಂಗಿಯ ತೋಳು ಮಡಿಸಿಕೊಂಡು, ಬೆವರಿ, ಯಾರದೋ ಮಾತಿಗೆ ಮೇಜು ಹಿಡಿದುಕೊಂಡು ನಗುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ನೋಡಿ, ಒಳಗೆ ಹೋಗದೆ ವಾಪಸು ಬಂದಳು.

"ಅವರು ಹಾಗೆ ನಗೋದನ್ನ ಕಾಲು ಮುರಿದಿದ್ದಾಗ ನೋಡಿದ್ದೆ" ಅಂದಳು ನನ್ನ ಹತ್ತಿರ. "ಇಷ್ಟು ದಿನ ಆ ನಗು ಬತ್ತಿಹೋಗಿದೆ ಅನ್ಕೊಂಡಿದ್ದೆ. ಬತ್ತಿರಲಿಲ್ಲ. ಅಲ್ಲಿಗೆ ಹೋಗ್ತಿತ್ತು, ಅಷ್ಟೆ."

ಬಂದಿದ್ದೆ ಅಂತ ಗಂಡನಿಗೂ ಹೇಳಿದಳು. ಒಳಗೆ ಯಾಕೆ ಬರಲಿಲ್ಲ ಅಂತ ಅವನು ಕೇಳಿದ. "ಕರೆದಿರಲಿಲ್ಲವಲ್ಲ" ಅಂದಳು. ಈಗ ಕರೆಯುತ್ತೇನೆ ಅಂದ. "ಈಗ ಬೇಡ" ಅಂದಳು. ಮುಂದೆಯಾದರೂ ಬೇಕಾಗುತ್ತದೋ ಇಲ್ಲವೋ, ಅವಳಿಗೇ ಗೊತ್ತಿಲ್ಲ. ಅವನು ಈಗ ಎಲ್ಲಿಗೆ ಹೋಗುವುದಾದರೂ ಹೇಳಿಯೇ ಹೋಗುತ್ತಾನೆ, ಅವಳು ತಲೆಯಾಡಿಸುತ್ತಾಳೆ. ಅವರ ನಡುವಿನ ಸಂಸಾರ ಸದ್ಯಕ್ಕೆ ಅಷ್ಟಕ್ಕೇ ನಿಂತಿದೆ.

ಹೋದ ತಿಂಗಳು ಒಂದು ರಜೆಯ ದಿನ, ಯಾರೂ ಹೇಳದೆ ಕೇಳದೆ, ತಾನೇ ಹುಡುಕಿ ಒಂದು ಹೊಸ ಅನಿಮೆ ಹಚ್ಚಿಕೊಂಡಳಂತೆ. ಅತ್ತೆಯೂ ಪಕ್ಕಕ್ಕೆ ಬಂದು ಕೂತರು. ಎರಡು ಭಾಗ ನೋಡಿದಳು. ಹಿಡಿಸಲಿಲ್ಲ. ಮೂರನೆಯದರ ಮಧ್ಯದಲ್ಲಿ ನಿಲ್ಲಿಸಿ ಎದ್ದಳು.

"ಮುಂದೇನಾಯ್ತೇ?" ಅಂದರು ಅತ್ತೆ.

"ಗೊತ್ತಿಲ್ಲ ಅತ್ತೆ. ನಂಗೆ ಬೇಕಾಗಿಲ್ಲ."

"ಹಾಗಂದ್ರೆ ಹೇಗೆ? ಆ ಹುಡುಗನಿಗೆ ಅವರಪ್ಪ ಸಿಕ್ಕನೋ ಇಲ್ವೋ ಗೊತ್ತಾಗ್ಬೇಡ್ವಾ? ಕೊಡು ಇಲ್ಲಿ ಫೋನು."

ಅವಳು ಫೋನನ್ನು ಅತ್ತೆಯ ಕೈಗೆ ಕೊಟ್ಟು, ಬಟ್ಟೆ ಒಣಗಿದೆಯೇ ನೋಡಲು ಮಹಡಿಗೆ ಹೋದಳು.